ಅಲೈಂಗಿಕ ಸಂತಾನೋತ್ಪತ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಈ ವಿಷಯಕ್ಕೆ ಸಿಗುವುದು ಕೆಲವೇ ಪುಟಗಳು. ಅಮೀಬಾ, ಯೀಸ್ಟ್, ಹೈಡ್ರಾಗಳ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಮುಂದಿನ ಪಾಠಕ್ಕೆ ಹೋಗುವುದು ರೂಢಿ. ಆದರೆ ಬಾಳೆ, ಕಬ್ಬು, ಶುಂಠಿ, ಆಲೂಗಡ್ಡೆ, ವೀಳ್ಯದೆಲೆ ಬೆಳೆಯುವ ನಾಡಿನವರಿಗೆ ಇದು ಪರೀಕ್ಷೆಗೆ ಮಾತ್ರ ಬೇಕಾದ ವಿಷಯವಲ್ಲ. ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಬೆಳೆಗಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಅಲೈಂಗಿಕ ಸಂತಾನೋತ್ಪತ್ತಿ ಎಂದರೆ ಏನು?

ಗಂಡು ಮತ್ತು ಹೆಣ್ಣು ಲಿಂಗಾಣುಗಳು ಕೂಡುವ ಹಂತವೇ ಇಲ್ಲದೆ, ಒಂದೇ ಜೀವಿಯು ತನ್ನ ದೇಹದ ಒಂದು ಭಾಗದಿಂದ ಅಥವಾ ಒಂದು ಜೀವಕೋಶದಿಂದ ಹೊಸ ಜೀವಿಯನ್ನು ಉಂಟುಮಾಡುವುದನ್ನು ಅಲೈಂಗಿಕ ಸಂತಾನೋತ್ಪತ್ತಿ ಎನ್ನುತ್ತೇವೆ. ಲೈಂಗಿಕ ವಿಧಾನದಲ್ಲಿ ಎರಡು ಮುಖ್ಯ ಘಟನೆಗಳಿವೆ. ಮೊದಲು ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿದು ಲಿಂಗಾಣುಗಳು ಉಂಟಾಗುತ್ತವೆ. ಆಮೇಲೆ ಎರಡು ಲಿಂಗಾಣುಗಳು ಸೇರಿ ಆ ಸಂಖ್ಯೆ ಮತ್ತೆ ಪೂರ್ಣವಾಗುತ್ತದೆ. ಅಲೈಂಗಿಕ ವಿಧಾನದಲ್ಲಿ ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ. ಆದ್ದರಿಂದ ಮರಿಯ ವಂಶವಾಹಿಗಳು ತಾಯಿಜೀವಿಯ ವಂಶವಾಹಿಗಳ ನಕಲೇ ಆಗಿರುತ್ತವೆ. ಹೀಗೆ ಒಂದೇ ಮೂಲದಿಂದ ಬಂದ ಜೀವಿಗಳನ್ನು ತದ್ರೂಪಿಗಳು ಎಂದು ಕರೆಯುತ್ತಾರೆ.

ಒಂದು ಗೊಂದಲವನ್ನು ಆರಂಭದಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಒಂದೇ ಜೀವಿ ಸಾಕು ಎಂದ ಮಾತ್ರಕ್ಕೆ ಆ ವಿಧಾನ ಅಲೈಂಗಿಕವಾಗುವುದಿಲ್ಲ. ಭತ್ತದಲ್ಲಿ ಹೆಚ್ಚಾಗಿ ಅದೇ ಹೂವಿನ ಪರಾಗ ಅದೇ ಹೂವಿನ ಶಲಾಕಾಗ್ರದ ಮೇಲೆ ಬಿದ್ದು ಕಾಳು ಕಟ್ಟುತ್ತದೆ. ತಂದೆ ತಾಯಿ ಎರಡೂ ಒಂದೇ ಗಿಡವಾದರೂ ಲಿಂಗಾಣುಗಳು ಉಂಟಾಗಿ ಕೂಡಿರುವುದರಿಂದ ಅದು ಲೈಂಗಿಕ ವಿಧಾನವೇ.

ಜೀವಕೋಶದ ಒಳಗೆ ನಿಜವಾಗಿ ನಡೆಯುವುದೇನು?

ಕೋಶಕೇಂದ್ರವಿರುವ ಜೀವಿಗಳಲ್ಲಿ ಇದರ ತಳಹದಿ ಮೈಟಾಸಿಸ್ ಎಂಬ ಕೋಶವಿಭಜನೆ. ಜೀವಕೋಶವು ಮೊದಲು ತನ್ನ ಡಿಎನ್‌ಎಯ ಪ್ರತಿಯೊಂದು ಎಳೆಯನ್ನೂ ನಕಲು ಮಾಡಿಕೊಳ್ಳುತ್ತದೆ. ನಂತರ ಪ್ರತಿ ವರ್ಣತಂತುವಿನ ಎರಡು ಪ್ರತಿಗಳು ಕೋಶದ ನಡುವೆ ಸಾಲುಗೂಡಿ, ಸೂಕ್ಷ್ಮ ನಾಳಿಕೆಗಳ ಎಳೆತಕ್ಕೆ ಸಿಕ್ಕಿ ಎರಡು ತುದಿಗಳಿಗೆ ಸರಿಯುತ್ತವೆ. ಕೊನೆಗೆ ಕೋಶ ಎರಡಾಗುತ್ತದೆ ಮತ್ತು ಎರಡಕ್ಕೂ ಪೂರ್ತಿ ವರ್ಣತಂತುಗಳ ಗುಂಪು ದೊರೆಯುತ್ತದೆ. ನಮ್ಮ ಚರ್ಮದ ಗಾಯ ಮಾಗುವುದೂ ಮಗು ಬೆಳೆಯುವುದೂ ಇದೇ ವಿಭಜನೆಯಿಂದ. ಹೀಗಾಗಿ ಅಲೈಂಗಿಕ ಸಂತಾನೋತ್ಪತ್ತಿ ಬೆಳವಣಿಗೆಗಿಂತ ತೀರ ಬೇರೆಯಾದ ವಿಶೇಷ ಕ್ರಿಯೆಯಲ್ಲ. ಬೆಳವಣಿಗೆಯಿಂದ ಉಂಟಾದ ಭಾಗವು ತಾಯಿದೇಹದಿಂದ ಬೇರೆಯಾಗಿ ಸ್ವತಂತ್ರವಾಗಿ ಬದುಕತೊಡಗಿದಾಗ ಅದನ್ನು ಸಂತಾನ ಎನ್ನುತ್ತೇವೆ. ಈ ಒಂದು ಅಂಶ ಮನಸ್ಸಿನಲ್ಲಿದ್ದರೆ ಮುಂದಿನ ವಿಧಾನಗಳನ್ನೆಲ್ಲ ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಬ್ಯಾಕ್ಟೀರಿಯಾಗಳು ಅಷ್ಟು ಬೇಗ ಹೆಚ್ಚುವುದು ಹೇಗೆ?

ಬ್ಯಾಕ್ಟೀರಿಯಾಗಳಿಗೆ ಕೋಶಕೇಂದ್ರವಿಲ್ಲ, ಆದ್ದರಿಂದ ಮೈಟಾಸಿಸ್ ಕೂಡ ಇಲ್ಲ. ಉಂಗುರದ ಆಕಾರದ ಒಂದು ಡಿಎನ್‌ಎ ನಕಲಾಗಿ, ಕೋಶ ಉದ್ದವಾಗಿ, ನಡುವೆ ಪ್ರೋಟೀನಿನ ಬಳೆಯೊಂದು ರೂಪುಗೊಂಡು, ಆ ಜಾಗದಲ್ಲಿ ಹೊಸ ಗೋಡೆ ಕಟ್ಟಿಕೊಂಡು ಕೋಶ ಎರಡಾಗುತ್ತದೆ. ಇದು ದ್ವಿವಿದಳನ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಅತ್ಯುತ್ತಮ ಪರಿಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ವಿಭಜಿಸುತ್ತದೆ. ಅದರ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಜೋಡಿಗಳಿದ್ದು, ಅವುಗಳ ನಕಲಿಗೆ ಸುಮಾರು 40 ನಿಮಿಷ ಬೇಕು. ಹಾಗಿದ್ದರೆ 20 ನಿಮಿಷದಲ್ಲಿ ವಿಭಜನೆ ಹೇಗೆ ಸಾಧ್ಯ ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕು. ಒಂದು ಸುತ್ತಿನ ನಕಲು ಮುಗಿಯುವ ಮೊದಲೇ ಮುಂದಿನ ಸುತ್ತಿನ ನಕಲು ಶುರುವಾಗಿರುತ್ತದೆ. ಅಂದರೆ ಹುಟ್ಟುವ ಮರಿಕೋಶದೊಳಗೆ ಮೊಮ್ಮಕ್ಕಳಿಗೆ ಬೇಕಾದ ಪ್ರತಿ ಆಗಲೇ ಅರ್ಧ ಸಿದ್ಧವಾಗಿರುತ್ತದೆ.

ಈ ವೇಗದಲ್ಲಿ 10 ಗಂಟೆಗೆ 30 ವಿಭಜನೆಗಳಾಗುತ್ತವೆ ಮತ್ತು ಒಂದೇ ಕೋಶದಿಂದ ಸುಮಾರು 107 ಕೋಟಿ ಕೋಶಗಳಾಗುತ್ತವೆ. ನಿಜವಾದ ಪರಿಸರದಲ್ಲಿ ಆಹಾರ ಮುಗಿಯುವುದರಿಂದಲೂ ತ್ಯಾಜ್ಯ ಸೇರುವುದರಿಂದಲೂ ಈ ಓಟ ಬೇಗ ನಿಲ್ಲುತ್ತದೆ. ಒಂದು ಚಮಚ ಹೆಪ್ಪು ಬೆಚ್ಚಗಿನ ಹಾಲನ್ನು ರಾತ್ರಿ ಕಳೆಯುವುದರೊಳಗೆ ಮೊಸರಾಗಿಸುವುದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳ ಇಂಥ ದ್ವಿವಿದಳನದಿಂದಲೇ.

ಎಲ್ಲವೂ ತದ್ರೂಪಿಗಳಾದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಎಲ್ಲಿಂದ ಬರುತ್ತವೆ?

ನಕಲು ಮಾಡುವಾಗ ಅಪರೂಪಕ್ಕೆ ತಪ್ಪುಗಳಾಗುತ್ತವೆ. ಅವುಗಳನ್ನು ಉತ್ಪರಿವರ್ತನೆ ಎನ್ನುತ್ತಾರೆ. ಕೋಟಿಗಟ್ಟಲೆ ಕೋಶಗಳಿರುವ ಕಡೆ ಅಪರೂಪದ ತಪ್ಪೂ ಯಾವುದಾದರೊಂದು ಕೋಶದಲ್ಲಿ ಆಗಿಯೇ ಇರುತ್ತದೆ. ಆ ಬದಲಾವಣೆ ಆ್ಯಂಟಿಬಯಾಟಿಕ್ ಔಷಧಿಯನ್ನು ತಡೆದುಕೊಳ್ಳುವ ಶಕ್ತಿ ಕೊಟ್ಟರೆ, ಉಳಿದವು ಸತ್ತು ಅದೊಂದೇ ಮತ್ತೆ ಹೆಚ್ಚುತ್ತದೆ. ಇದಲ್ಲದೆ ಬ್ಯಾಕ್ಟೀರಿಯಾಗಳು ಒಂದರಿಂದ ಇನ್ನೊಂದಕ್ಕೆ ಡಿಎನ್‌ಎ ತುಣುಕುಗಳನ್ನು ದಾಟಿಸಬಲ್ಲವು ಎಂಬುದನ್ನು ಜೋಶುವಾ ಲೆಡರ್‌ಬರ್ಗ್ ಮತ್ತು ಎಡ್ವರ್ಡ್ ಟೇಟಮ್ 1946ರಲ್ಲಿ ತೋರಿಸಿದರು. ಇದರಿಂದ ಕೋಶಗಳ ಸಂಖ್ಯೆ ಹೆಚ್ಚುವುದಿಲ್ಲವಾದ್ದರಿಂದ ಇದು ಸಂತಾನೋತ್ಪತ್ತಿಯಲ್ಲ, ವಂಶವಾಹಿಗಳ ವಿನಿಮಯ. ವೈದ್ಯರು ಬರೆದುಕೊಟ್ಟಷ್ಟು ದಿನ ಮಾತ್ರ, ಬರೆದುಕೊಟ್ಟ ಪ್ರಮಾಣದಲ್ಲೇ ಔಷಧಿ ತೆಗೆದುಕೊಳ್ಳಬೇಕೆಂದು ಹೇಳುವುದರ ಹಿಂದೆ ಈ ಜೀವಶಾಸ್ತ್ರವಿದೆ.

ಬಹುವಿದಳನ ಎಂದರೇನು? ಅದಕ್ಕೂ ಮಲೇರಿಯಾ ಜ್ವರಕ್ಕೂ ಏನು ಸಂಬಂಧ?

ಅಮೀಬಾ ಯಾವ ದಿಕ್ಕಿನಲ್ಲಾದರೂ ಸೀಳಿ ಎರಡಾಗುತ್ತದೆ. ಕಾಲಾ ಅಜಾರ್ ರೋಗ ತರುವ ಲೀಶ್ಮೇನಿಯಾಕ್ಕೆ ಒಂದು ತುದಿಯಲ್ಲಿ ಚಾವಟಿಯಂಥ ಎಳೆ ಇರುವುದರಿಂದ ಅದು ಉದ್ದಕ್ಕೇ ಸೀಳುತ್ತದೆ. ಮಲೇರಿಯಾದ ಪ್ಲಾಸ್ಮೋಡಿಯಂನ ದಾರಿ ಬೇರೆ: ಕೋಶದೊಳಗೆ ಕೋಶಕೇಂದ್ರ ಹಲವು ಸಲ ವಿಭಜಿಸಿ, ಆಮೇಲೆ ಒಂದೇ ಸಲಕ್ಕೆ ಅನೇಕ ಮರಿಕೋಶಗಳು ಬಿಡುಗಡೆಯಾಗುತ್ತವೆ. ಸೊಳ್ಳೆ ಕಚ್ಚಿದಾಗ ಬಂದ ಒಂದು ಪರಾವಲಂಬಿ ಯಕೃತ್ತಿನ ಒಂದು ಕೋಶದೊಳಗೆ ಸಾವಿರಾರು ಆಗುತ್ತದೆ. ಅವು ಕೆಂಪು ರಕ್ತಕಣಗಳನ್ನು ಹೊಕ್ಕು, ಅಲ್ಲಿಯೂ ಹೆಚ್ಚಿ, ಕಣಗಳನ್ನು ಒಡೆದು ಹೊರಬರುತ್ತವೆ. ವೈವಾಕ್ಸ್ ಬಗೆಯಲ್ಲಿ ಈ ಸುತ್ತು ಸುಮಾರು 48 ಗಂಟೆಯದ್ದು. ಲಕ್ಷಾಂತರ ಕಣಗಳು ಒಟ್ಟಿಗೆ ಒಡೆಯುವಾಗ ಚಳಿಜ್ವರ ಬರುತ್ತದೆ. ದಿನ ಬಿಟ್ಟು ದಿನ ಜ್ವರ ಬರುವುದರ ಕಾರಣ ಈ ಬಹುವಿದಳನದ ಗಡಿಯಾರ.

ಇದೇ ಪರಾವಲಂಬಿಯ ಲೈಂಗಿಕ ಹಂತ ಪೂರ್ಣಗೊಳ್ಳುವುದು ಸೊಳ್ಳೆಯ ಹೊಟ್ಟೆಯಲ್ಲಿ. ರೊನಾಲ್ಡ್ ರಾಸ್ 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡಾಗ ನೋಡಿದ್ದು ಆ ಕೂಡುವಿಕೆಯ ಮುಂದಿನ ಹಂತವನ್ನು. ಒಂದೇ ಜೀವಿ ಎರಡೂ ವಿಧಾನಗಳನ್ನು ಬಳಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಯೀಸ್ಟ್‌ನ ಮೊಗ್ಗು ಮತ್ತು ಹೈಡ್ರಾದ ಮೊಗ್ಗು ಒಂದೇ ಬಗೆಯವೇ?

ಹೆಸರು ಒಂದೇ, ಕ್ರಿಯೆ ಬೇರೆ. ಯೀಸ್ಟ್ ಏಕಕೋಶಜೀವಿ. ಅದರ ಮೈಯಲ್ಲಿ ಸಣ್ಣ ಉಬ್ಬು ಎದ್ದು, ಕೋಶಕೇಂದ್ರದ ಒಂದು ಪ್ರತಿ ಅದರೊಳಗೆ ಸರಿದು, ಉಬ್ಬು ಬೇರೆಯಾಗುತ್ತದೆ. ಬೇರೆಯಾದ ಜಾಗದಲ್ಲಿ ಕಲೆ ಉಳಿಯುತ್ತದೆ, ಮತ್ತು ಒಂದು ತಾಯಿಕೋಶ ಸುಮಾರು 20ರಿಂದ 30 ಮೊಗ್ಗುಗಳನ್ನು ಕೊಟ್ಟ ಬಳಿಕ ಮುದಿಯಾಗಿ ನಿಲ್ಲುತ್ತದೆ. ಇಲ್ಲಿ ತಾಯಿ ಯಾವುದು, ಮಗಳು ಯಾವುದು ಎಂದು ಗುರುತಿಸಬಹುದು. ಅಮೀಬಾದಲ್ಲಿ ಹಾಗೆ ಗುರುತಿಸಲಾಗುವುದಿಲ್ಲ.

ಹೈಡ್ರಾ ಬಹುಕೋಶಜೀವಿ. ಅದರ ದೇಹದ ಬದಿಯಲ್ಲಿ ಅನೇಕ ಜೀವಕೋಶಗಳು ಸೇರಿ ಮೊಗ್ಗಾಗಿ, ಆ ಮೊಗ್ಗಿಗೆ ಬಾಯಿ ಮತ್ತು ಕರಬಳ್ಳಿಗಳು ಮೂಡಿ, ಕೆಲವು ದಿನಗಳಲ್ಲಿ ಅದು ಪುಟ್ಟ ಹೈಡ್ರಾ ಆಗಿ ಕಳಚಿಕೊಳ್ಳುತ್ತದೆ. ಆಹಾರ ಸಮೃದ್ಧವಾಗಿರುವಾಗ ಮೊಗ್ಗುಗಳು ಹೆಚ್ಚು. ಪರಿಸರ ಕೆಟ್ಟಾಗ ಅನೇಕ ಹೈಡ್ರಾಗಳು ವೃಷಣ, ಅಂಡಾಶಯಗಳನ್ನು ಬೆಳೆಸಿಕೊಂಡು ಲೈಂಗಿಕ ವಿಧಾನಕ್ಕೆ ಹೊರಳುತ್ತವೆ. ಅಬ್ರಹಾಂ ಟ್ರೆಂಬ್ಲಿ 1740ರ ದಶಕದಲ್ಲಿ ಹೈಡ್ರಾವನ್ನು ಕತ್ತರಿಸಿ, ಪ್ರತಿ ತುಂಡೂ ಪೂರ್ಣ ಜೀವಿಯಾಗುವುದನ್ನು ತೋರಿಸಿದಾಗ ಯುರೋಪಿನ ವಿದ್ವಾಂಸರು ಬೆರಗಾದರು. ಅದು ಪ್ರಾಣಿಯೋ ಸಸ್ಯವೋ ಎಂಬ ಸಂಶಯ ಮೊದಮೊದಲು ಟ್ರೆಂಬ್ಲಿಗೂ ಇತ್ತು.

ಎರೆಹುಳುವನ್ನು ಎರಡು ತುಂಡು ಮಾಡಿದರೆ ಎರಡು ಎರೆಹುಳುಗಳಾಗುತ್ತವೆಯೇ?

ಇಲ್ಲ. ಇದು ಬಹಳ ಹಳೆಯ ತಪ್ಪುಕಲ್ಪನೆ, ಮತ್ತು ಇದನ್ನು ನಂಬಿ ಮಕ್ಕಳು ಹುಳುಗಳನ್ನು ಕತ್ತರಿಸುವುದನ್ನು ನೋಡಿದರೆ ದುಃಖವಾಗುತ್ತದೆ. ನಮ್ಮ ತೋಟಗಳ ಸಾಮಾನ್ಯ ಎರೆಹುಳುವಿನಲ್ಲಿ ತಲೆಯ ಭಾಗ ಸಾಕಷ್ಟು ಉದ್ದವಾಗಿ ಉಳಿದಿದ್ದರೆ ಅದಕ್ಕೆ ಬಾಲ ಮತ್ತೆ ಬೆಳೆಯಬಹುದು. ಬಾಲದ ತುಂಡು ಸ್ವಲ್ಪ ಹೊತ್ತು ಮಿಸುಕಾಡಿ ಸಾಯುತ್ತದೆ. ಎರೆಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿದ್ದರೂ, ಸಾಮಾನ್ಯವಾಗಿ ಎರಡು ಹುಳುಗಳು ವೀರ್ಯಾಣುಗಳನ್ನು ಪರಸ್ಪರ ಬದಲಾಯಿಸಿಕೊಂಡು ಲೈಂಗಿಕವಾಗಿಯೇ ಮೊಟ್ಟೆಯಿಡುತ್ತವೆ. ಹಲ್ಲಿಗೆ ಬಾಲ ಮತ್ತೆ ಬರುವುದೂ ಸಂತಾನೋತ್ಪತ್ತಿಯಲ್ಲ, ಏಕೆಂದರೆ ಬಿದ್ದ ಬಾಲದಿಂದ ಹಲ್ಲಿ ಬೆಳೆಯುವುದಿಲ್ಲ.

ತುಂಡಿನಿಂದ ನಿಜವಾಗಿಯೂ ಪೂರ್ಣ ಜೀವಿ ಬೆಳೆಯುವುದು ಪ್ಲನೇರಿಯಾ ಎಂಬ ಚಪ್ಪಟೆಹುಳುವಿನಲ್ಲಿ. ಥಾಮಸ್ ಹಂಟ್ ಮಾರ್ಗನ್ 19ನೇ ಶತಮಾನದ ಕೊನೆಯಲ್ಲಿ, ದೇಹದ 279ರಲ್ಲಿ ಒಂದು ಪಾಲಿನಷ್ಟು ಚಿಕ್ಕ ತುಂಡೂ ಪೂರ್ಣ ಹುಳುವಾಗಬಲ್ಲದು ಎಂದು ದಾಖಲಿಸಿದರು. ಅದರ ದೇಹದ ತುಂಬ ಹರಡಿರುವ, ಯಾವ ಅಂಗವಾದರೂ ಆಗಬಲ್ಲ ಆಕರಕೋಶಗಳು ಇದಕ್ಕೆ ಕಾರಣ. ಹಲ್ಲಿಗೂ ಎರೆಹುಳುವಿಗೂ ಅಷ್ಟು ಸಮರ್ಥವಾದ ಆಕರಕೋಶಗಳು ಆ ರೀತಿ ಹರಡಿಕೊಂಡಿಲ್ಲ. ಕೆಲವು ನಕ್ಷತ್ರಮೀನುಗಳು ಕಡಿದ ಒಂದು ತೋಳಿನಿಂದ ಮರುಹುಟ್ಟು ಪಡೆಯುತ್ತವೆಯಾದರೂ, ಹೆಚ್ಚಿನವುಗಳಲ್ಲಿ ತೋಳಿನ ಜೊತೆ ನಡುಬಿಲ್ಲೆಯ ಭಾಗವೂ ಇರಬೇಕಾಗುತ್ತದೆ.

ಬೂಷ್ಟು ಮತ್ತು ಜರೀಗಿಡಗಳ ಬೀಜಕಗಳು ಅಲೈಂಗಿಕವೇ?

ಪುಸ್ತಕಗಳು ಇವೆರಡನ್ನೂ ಒಂದೇ ಸಾಲಿನಲ್ಲಿ ಸೇರಿಸುವುದುಂಟು, ಆದರೆ ವ್ಯತ್ಯಾಸವಿದೆ. ಹಳಸಿದ ಬ್ರೆಡ್ಡಿನ ಮೇಲೆ ಕಾಣುವ ಕಪ್ಪು ಚುಕ್ಕೆಗಳು ರೈಜೋಪಸ್ ಶಿಲೀಂಧ್ರದ ಬೀಜಕಚೀಲಗಳು. ಅವುಗಳೊಳಗಿನ ಬೀಜಕಗಳು ಸಾಮಾನ್ಯ ವಿಭಜನೆಯಿಂದ ಆದವು, ಆದ್ದರಿಂದ ನಿಸ್ಸಂದೇಹವಾಗಿ ಅಲೈಂಗಿಕ. ಜರೀಗಿಡದ ಎಲೆಯ ಹಿಂಬದಿಯ ಬೀಜಕಗಳಾದರೋ ವರ್ಣತಂತುಗಳನ್ನು ಅರ್ಧಕ್ಕಿಳಿಸುವ ಮಿಯಾಸಿಸ್ ವಿಭಜನೆಯಿಂದ ಉಂಟಾದವು. ಅವು ಮೊಳೆತು ಹೃದಯಾಕಾರದ ಪುಟ್ಟ ಹಸಿರು ಸಸ್ಯವಾಗಿ, ಅದರಲ್ಲಿ ಲಿಂಗಾಣುಗಳು ಮೂಡಿ ಕೂಡಿದ ಮೇಲೆ ಹೊಸ ಜರೀಗಿಡ ಬರುತ್ತದೆ. ಅವು ಲೈಂಗಿಕ ಜೀವನಚಕ್ರದ ಒಂದು ಹಂತ.

ಗಿಡದ ತುಂಡು ಚಿಗುರುತ್ತದೆ, ಪ್ರಾಣಿಯ ತುಂಡು ಏಕೆ ಬೆಳೆಯುವುದಿಲ್ಲ?

ಹೆಚ್ಚಿನ ಪ್ರಾಣಿಗಳಲ್ಲಿ ಭ್ರೂಣ ಬೆಳೆದಂತೆ ಜೀವಕೋಶಗಳು ತಮ್ಮ ಕೆಲಸವನ್ನು ಆರಿಸಿಕೊಂಡು ಅದಕ್ಕೇ ಸೀಮಿತವಾಗುತ್ತವೆ. ಸಸ್ಯಗಳಲ್ಲಿ ಕಾಂಡದ ತುದಿ, ಬೇರಿನ ತುದಿ ಮತ್ತು ಗೆಣ್ಣುಗಳ ಮೊಗ್ಗುಗಳಲ್ಲಿ ವಿಭಜಿಸುತ್ತಲೇ ಇರುವ ಎಳೆಯ ಅಂಗಾಂಶ ಜೀವನವಿಡೀ ಉಳಿಯುತ್ತದೆ. ಅಷ್ಟೇ ಅಲ್ಲದೆ ಬಲಿತ ಕೋಶಗಳೂ ತಕ್ಕ ಪ್ರಚೋದನೆ ಸಿಕ್ಕರೆ ಮತ್ತೆ ಎಳೆಯವಾಗಿ ಬೇರೋ ಚಿಗುರೋ ಆಗಬಲ್ಲವು. ಸಸ್ಯದ ಪ್ರತಿ ಜೀವಕೋಶಕ್ಕೂ ಪೂರ್ಣ ಸಸ್ಯವಾಗುವ ಸಾಮರ್ಥ್ಯ ಇರಬೇಕೆಂದು ಗಾಟ್ಲೀಬ್ ಹೇಬರ್‌ಲಾಂಟ್ 1902ರಲ್ಲೇ ಊಹಿಸಿದ್ದರು. 1958ರಲ್ಲಿ ಎಫ್.ಸಿ. ಸ್ಟೀವರ್ಡ್ ಕ್ಯಾರೆಟ್ ಕೋಶಗಳಿಂದ ಗಿಡ ಬೆಳೆಸಿ ಅದನ್ನು ತೋರಿಸಿದರು. ಗಿಡದ ಪುಟ್ಟ ತುಣುಕನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಇಂದಿನ ಅಂಗಾಂಶ ಕೃಷಿಯ ಜಿ-9 ಬಾಳೆಸಸಿಗಳು ಇದೇ ತತ್ವದ ಫಲ.

ಆದರೆ ಯಾವ ಭಾಗವನ್ನು ನೆಡಬೇಕು ಎಂಬುದು ಗಿಡದಿಂದ ಗಿಡಕ್ಕೆ ಬೇರೆ. ಆಲೂಗಡ್ಡೆ ನೆಲದೊಳಗಿನ ಕಾಂಡ. ಅದರ ಕಣ್ಣುಗಳೇ ಗೆಣ್ಣುಗಳು, ಆದ್ದರಿಂದ ಕಣ್ಣಿಲ್ಲದ ತುಂಡು ಕೊಳೆಯುತ್ತದೆಯೇ ಹೊರತು ಚಿಗುರುವುದಿಲ್ಲ. ಸಿಹಿಗೆಣಸು ಬೇರು, ಆದರೆ ರೈತರು ನೆಡುವುದು ಬಳ್ಳಿಯ ತುಂಡುಗಳನ್ನು. ಶುಂಠಿ, ಅರಿಶಿನ, ಸುವರ್ಣಗೆಡ್ಡೆಗಳು ಕಾಂಡದ ಬೇರೆ ಬೇರೆ ರೂಪಗಳು. ಕಬ್ಬಿನ ತುಂಡಿನಲ್ಲಿ ಗೆಣ್ಣಿನ ಕಣ್ಣು ಮೊಳೆಯುತ್ತದೆ, ಅದರ ಸುತ್ತಲಿನ ಚುಕ್ಕೆಗಳಿಂದ ಬೇರು ಬರುತ್ತದೆ. ಕಟಾವಿನ ನಂತರ ಬರುವ ಕೂಳೆ ಕಬ್ಬು ಮಾತ್ರ ಹೊಸ ಸಂತಾನವಲ್ಲ, ಅದು ಅದೇ ಬುಡದ ಮರುಚಿಗುರು. ಕಾಡುಬಸಳೆಯ ಎಲೆಯಂಚಿನ ಕಚ್ಚುಗಳಲ್ಲಿ ಪುಟ್ಟ ಸಸಿಗಳು ಮೂಡುವುದನ್ನು ಯಾರು ಬೇಕಾದರೂ ಹಿತ್ತಿಲಲ್ಲಿ ನೋಡಬಹುದು.

ನಾವು ತಿನ್ನುವ ಬಾಳೆಹಣ್ಣಿನಲ್ಲಿ ಬೀಜ ಏಕಿಲ್ಲ?

ಕಾಡುಬಾಳೆಯಲ್ಲಿ ಕಲ್ಲಿನಂಥ ಬೀಜಗಳಿವೆ. ನಾವು ಬೆಳೆಯುವ ತಳಿಗಳಲ್ಲಿ ಹೆಚ್ಚಿನವು ವರ್ಣತಂತುಗಳ ಮೂರು ಗುಂಪುಗಳನ್ನು ಹೊಂದಿವೆ: ಒಂದು ಗುಂಪಿಗೆ 11ರಂತೆ ಒಟ್ಟು 33. ಲಿಂಗಾಣು ಉಂಟಾಗಬೇಕಾದರೆ ವರ್ಣತಂತುಗಳು ಜೋಡಿಜೋಡಿಯಾಗಿ ನಿಂತು ಎರಡು ಪಾಲಾಗಬೇಕು. ಮೂರನ್ನು ಸರಿಯಾಗಿ ಎರಡು ಪಾಲು ಮಾಡಲಾಗದ ಕಾರಣ ಪರಾಗವೂ ಅಂಡಾಣುವೂ ಬಹುಪಾಲು ಜೊಳ್ಳಾಗುತ್ತವೆ. ಇದರ ಜೊತೆಗೆ ಪರಾಗಸ್ಪರ್ಶವಿಲ್ಲದೆಯೇ ಕಾಯಿ ತುಂಬಿಕೊಳ್ಳುವ ಗುಣವೂ ಈ ತಳಿಗಳಲ್ಲಿದೆ. ಸಾವಿರಾರು ವರ್ಷಗಳಿಂದ ಬೆಳೆಗಾರರು ಇಂಥ ಗಿಡಗಳನ್ನು ಆರಿಸಿ, ಕಂದು ಕಿತ್ತು ನೆಟ್ಟು ಉಳಿಸಿಕೊಂಡು ಬಂದಿದ್ದಾರೆ.

ಬಾಳೆಯ ದಿಂಡು ಎಂದು ನಾವು ನೋಡುವ ಕಂಬ ಹೆಚ್ಚಾಗಿ ಎಲೆತೊಟ್ಟುಗಳ ಸುತ್ತು. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆಯಲ್ಲಿದ್ದು, ಅದರ ಬದಿಯ ಮೊಗ್ಗುಗಳಿಂದ ಕಂದುಗಳು ಏಳುತ್ತವೆ. ಕತ್ತಿಯಂತೆ ಕಿರಿದಾದ ಎಲೆಗಳಿರುವ, ಬುಡ ದಪ್ಪನೆಯ ಕಂದುಗಳನ್ನೇ ನಾಟಿಗೆ ಆರಿಸುವುದು ಅನುಭವಿ ಬೆಳೆಗಾರರ ಕ್ರಮ. ಅಗಲ ಎಲೆಯ ಕಂದುಗಳಿಗೆ ಗೆಡ್ಡೆಯೊಡನೆ ಗಟ್ಟಿ ಸಂಬಂಧವಿರುವುದಿಲ್ಲ.

ತದ್ರೂಪಿ ಬೆಳೆಗಳಿಂದ ಅಪಾಯವಿದೆಯೇ?

ಇದೆ, ಮತ್ತು ಈ ಪುಟದಲ್ಲಿ ಬೆಳೆಗಾರರು ಗಮನವಿಟ್ಟು ಓದಬೇಕಾದ ಉತ್ತರ ಇದೇ ಎಂದು ನಮ್ಮ ಅಭಿಪ್ರಾಯ. ತೋಟದ ಎಲ್ಲ ಗಿಡಗಳ ವಂಶವಾಹಿಗಳೂ ಒಂದೇ ಆಗಿದ್ದರೆ, ಒಂದು ಗಿಡವನ್ನು ಸೋಲಿಸಬಲ್ಲ ರೋಗ ಎಲ್ಲ ಗಿಡಗಳನ್ನೂ ಸೋಲಿಸಬಲ್ಲದು. ಐರ್ಲೆಂಡಿನ ಬಡವರು ಹೆಚ್ಚಾಗಿ ಲಂಪರ್ ಎಂಬ ಒಂದೇ ಆಲೂಗಡ್ಡೆ ತಳಿಯನ್ನು ನೆಚ್ಚಿಕೊಂಡಿದ್ದರು. 1845ರಲ್ಲಿ ಅಂಗಮಾರಿ ರೋಗ ಅಲ್ಲಿಗೆ ಕಾಲಿಟ್ಟ ಮೇಲಿನ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಅಂದಿನ ಆಡಳಿತದ ನೀತಿಗಳು ಸಾವುಗಳನ್ನು ಹೆಚ್ಚಿಸಿದವು ಎಂಬುದೂ ಸತ್ಯ. ಆದರೆ ಹೊಲಗಳು ಒಟ್ಟೊಟ್ಟಿಗೇ ಕೊಳೆತುಹೋದದ್ದಕ್ಕೆ ಬೆಳೆಯ ಏಕರೂಪತೆ ಮುಖ್ಯ ಕಾರಣ. ಅದೇ ಅಂಗಮಾರಿ ಇಂದಿಗೂ ಮುಂಗಾರಿನ ಮೋಡ ಮುಸುಕಿದ ದಿನಗಳಲ್ಲಿ ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಕಾಡುತ್ತಿದೆ. ಅಲ್ಲಿಗೆ ಬಿತ್ತನೆಗೆಡ್ಡೆ ಪಂಜಾಬಿನ ಜಲಂಧರದ ಕಡೆಯಿಂದ ಬರುತ್ತದೆ, ಮತ್ತು ಗೆಡ್ಡೆಯೊಳಗೆ ಅಡಗಿದ ಸೋಂಕೂ ಅದರೊಡನೆ ಪ್ರಯಾಣ ಮಾಡಬಲ್ಲದು.

ಬಾಳೆಯ ಕಥೆಯೂ ಇದೇ. ಗ್ರೋ ಮಿಶೆಲ್ ತಳಿ 20ನೇ ಶತಮಾನದ ಮೊದಲರ್ಧದಲ್ಲಿ ಜಗತ್ತಿನ ರಫ್ತು ಮಾರುಕಟ್ಟೆಯನ್ನು ಆಳುತ್ತಿತ್ತು. ಮಣ್ಣಿನ ಮೂಲಕ ಹರಡುವ ಪನಾಮ ಸೊರಗು ರೋಗ ಅದನ್ನು ಆ ಮಾರುಕಟ್ಟೆಯಿಂದ ಅಳಿಸಿತು. ಅದರ ಜಾಗಕ್ಕೆ ಕ್ಯಾವೆಂಡಿಶ್ ಗುಂಪು ಬಂತು. ಈಗ ಅದೇ ಶಿಲೀಂಧ್ರದ ಹೊಸ ಬಗೆಯೊಂದು ಕ್ಯಾವೆಂಡಿಶನ್ನೂ ಹಿಡಿಯುತ್ತಿದ್ದು, ಭಾರತದಲ್ಲಿ ಬಿಹಾರ ಮತ್ತು ಉತ್ತರ ಪ್ರದೇಶಗಳಲ್ಲಿ ಕಾಣಿಸಿಕೊಂಡಿದೆ. ನಮ್ಮ ನಂಜನಗೂಡು ರಸಬಾಳೆಯ ವಿಸ್ತೀರ್ಣ ಕುಗ್ಗಿದ್ದರಲ್ಲೂ ಸೊರಗು ರೋಗದ ಪಾಲು ದೊಡ್ಡದು. ಭೌಗೋಳಿಕ ಗುರುತು ಪಡೆದ ಆ ತಳಿಯನ್ನು ರೋಗದ ತೋಟದ ಕಂದಿನಿಂದ ಮತ್ತೆ ಮತ್ತೆ ನೆಡುವುದೆಂದರೆ ರೋಗವನ್ನೂ ಜೊತೆಗೆ ನೆಟ್ಟಂತೆ.

ಮಲೆನಾಡಿನ ಏಲಕ್ಕಿಯ ಕಟ್ಟೆ ರೋಗದಲ್ಲಿ ಇನ್ನೊಂದು ಪಾಠವಿದೆ. ಈ ನಂಜುರೋಗ ಎರಡು ದಾರಿಗಳಲ್ಲಿ ಹರಡುತ್ತದೆ: ಸೋಂಕಿರುವ ಬುಡದ ಹಿಳ್ಳುಗಳನ್ನು ಸೀಳಿ ನೆಡುವುದರಿಂದ, ಮತ್ತು ಸಸ್ಯಹೇನುಗಳಿಂದ. ಆ ಹೇನುಗಳು ಕೂಡ ಗಂಡಿನ ನೆರವಿಲ್ಲದೆ ಮರಿ ಹಾಕುವ ಕೀಟಗಳು. ಹೀಗೆ ಗಿಡದ ತದ್ರೂಪಿಗಳ ಮೇಲೆ ಕೀಟದ ತದ್ರೂಪಿಗಳು ವೈರಸ್ಸನ್ನು ಹಂಚುತ್ತವೆ.

ಪರಿಹಾರವೂ ಅಲೈಂಗಿಕ ವಿಧಾನದಲ್ಲೇ ಸಿಕ್ಕಿದೆ. ಚಿಗುರಿನ ತುತ್ತತುದಿಯ ಅಂಗಾಂಶಕ್ಕೆ ವೈರಸ್ಸುಗಳು ಹಲವು ಸಲ ತಲುಪಿರುವುದಿಲ್ಲ. ಜಾರ್ಜ್ ಮೊರೆಲ್ ಮತ್ತು ಅವರ ಸಹೋದ್ಯೋಗಿ 1952ರಲ್ಲಿ ಆ ತುದಿಯನ್ನಷ್ಟೇ ಬೆಳೆಸಿ ವೈರಸ್ ಮುಕ್ತ ಡೇಲಿಯಾ ಗಿಡಗಳನ್ನು ಪಡೆದರು. ತಪಾಸಣೆಗೊಳಪಟ್ಟ ಅಂಗಾಂಶ ಕೃಷಿ ಸಸಿಗಳನ್ನು ಕೊಳ್ಳಬೇಕೆಂಬ ಸಲಹೆಯ ಆಧಾರ ಇದು. ಆದರೆ ಅಂಗಾಂಶ ಕೃಷಿಯ ಸಸಿ ರೋಗವಿಲ್ಲದೆ ಬರಬಹುದೇ ಹೊರತು ರೋಗನಿರೋಧಕ ಆಗಿರುವುದಿಲ್ಲ. ಸೊರಗು ರೋಗದ ಮಣ್ಣಿಗೆ ನೆಟ್ಟರೆ ಅದೂ ಸೊರಗುತ್ತದೆ.

ಹಾಗಾದರೆ ಹೊಸ ತಳಿಗಳು ಹೇಗೆ ಹುಟ್ಟುತ್ತವೆ?

ಹೆಚ್ಚಾಗಿ ಲೈಂಗಿಕ ವಿಧಾನದಿಂದ. ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆ 1912ರಲ್ಲಿ ಆರಂಭವಾದದ್ದು ಅಲ್ಲಿನ ಹವೆಯಲ್ಲಿ ಕಬ್ಬು ಚೆನ್ನಾಗಿ ಹೂ ಬಿಡುತ್ತದೆ ಎಂಬ ಕಾರಣಕ್ಕೂ ಹೌದು. ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅಲ್ಲಿ ದಪ್ಪ ಸಿಹಿಕಬ್ಬಿಗೆ ಕಾಡುಕಬ್ಬನ್ನು ಸಂಕರ ಮಾಡಿ ಕೋ 205 ತಳಿಯನ್ನು ಪಡೆದರು, ಮುಂದೆ ಇ.ಕೆ. ಜಾನಕಿ ಅಮ್ಮಾಳ್ ಅವರೂ ಅಲ್ಲಿ ಕಬ್ಬಿನ ಸಂಕರದ ಮೇಲೆ ಕೆಲಸ ಮಾಡಿದರು. ಕರ್ನಾಟಕದಲ್ಲಿ ಹೆಚ್ಚಾಗಿ ಬೆಳೆಯುವ ಕೋ 86032 ಕೂಡ ಕೊಯಮತ್ತೂರಿನ ತಳಿಯೇ. ಬೀಜದಿಂದ ಬಂದ ಸಾವಿರಾರು ಸಸಿಗಳಲ್ಲಿ ಒಂದನ್ನು ಆರಿಸಿ, ಆಮೇಲೆ ತುಂಡುಗಳಿಂದಲೇ ಹೆಚ್ಚಿಸಿದರೆ ಆ ಗುಣ ಚದುರದೆ ಉಳಿಯುತ್ತದೆ. ಹೊಸದನ್ನು ಹುಡುಕಲು ಹೂ, ಸಿಕ್ಕಿದ್ದನ್ನು ಕಾಪಾಡಲು ತುಂಡು ಎಂಬ ಈ ಜೋಡಿ ಕ್ರಮ ದ್ರಾಕ್ಷಿ, ಗುಲಾಬಿ, ಕಾಳುಮೆಣಸುಗಳಿಗೂ ಅನ್ವಯಿಸುತ್ತದೆ.

ಕಸಿ ಮಾಡಿದ ಮಾವು ಪೂರ್ತಿ ತದ್ರೂಪಿಯೇ?

ಕಸಿಕೊಂಬೆಯ ಭಾಗ ಮಾತ್ರ. ಬುಡದ ಬೇರುಸಸಿ ಓಟೆಯಿಂದ ಬಂದದ್ದು, ಅದರ ವಂಶವಾಹಿಗಳು ಬೇರೆ. ಬಾದಾಮಿ ಮಾವಿನ ಓಟೆಯಿಂದ ಬಂದ ಮರ ಬಾದಾಮಿಯನ್ನೇ ಬಿಡುವ ಭರವಸೆಯಿಲ್ಲ. ಕಸಿ ಬೇಕಾಗುವುದು ಅದಕ್ಕೇ. ಆದರೆ ಕೆಲವು ಬೀಜಗಳಲ್ಲೇ ತದ್ರೂಪಿಗಳಿರುತ್ತವೆ. ಕೊಡಗಿನ ಕಿತ್ತಳೆಯ ಒಂದೇ ಬೀಜದಿಂದ ಎರಡು ಮೂರು ಸಸಿಗಳು ಏಳುವುದನ್ನು ಬೆಳೆಗಾರರು ಬಲ್ಲರು. ಅವುಗಳಲ್ಲಿ ಹೆಚ್ಚಿನವು ಅಂಡಾಣು ಮತ್ತು ಪರಾಗ ಕೂಡಿ ಆದವಲ್ಲ, ತಾಯಿಮರದ ಅಂಗಾಂಶದಿಂದ ನೇರವಾಗಿ ಮೂಡಿದ ಭ್ರೂಣಗಳು. ಪಶ್ಚಿಮ ಕರಾವಳಿಯ ಕೆಲವು ಮಾವಿನ ತಳಿಗಳಲ್ಲೂ ಈ ಗುಣವಿದೆ.

ಗಂಡಿಲ್ಲದೆ ಪ್ರಾಣಿಗಳು ಮರಿ ಹಾಕುವುದು ನಿಜವೇ?

ನಿಜ. ಫಲಿಸದ ಅಂಡವೇ ಮರಿಯಾಗುವ ಇದನ್ನು ಅನಿಷೇಕಜನನ ಎನ್ನುತ್ತಾರೆ. ಜಿನೀವಾದ ಚಾರ್ಲ್ಸ್ ಬಾನೆ 1740ರಲ್ಲಿ ಆಗತಾನೇ ಹುಟ್ಟಿದ ಸಸ್ಯಹೇನೊಂದನ್ನು ಒಂಟಿಯಾಗಿ ಸಾಕಿ, ಗಂಡಿನ ಸಂಪರ್ಕವೇ ಇಲ್ಲದೆ ಅದು ಮರಿ ಹಾಕುವುದನ್ನು ಕಂಡರು. ಜೇನುಗೂಡಿನಲ್ಲಿ ರಾಣಿ ಇಡುವ ಫಲಿತ ಮೊಟ್ಟೆಗಳಿಂದ 32 ವರ್ಣತಂತುಗಳ ಹೆಣ್ಣುಗಳು, ಫಲಿಸದ ಮೊಟ್ಟೆಗಳಿಂದ 16 ವರ್ಣತಂತುಗಳ ಗಂಡುಗಳು ಹುಟ್ಟುತ್ತವೆ. ಗಂಡು ಜೇನಿಗೆ ತಾತನಿದ್ದಾನೆ, ತಂದೆಯಿಲ್ಲ. ರಾಣಿಯ ಅಂಡಗಳು ಮಿಯಾಸಿಸ್‌ನಿಂದ ಆದವಾದ್ದರಿಂದ ಈ ಗಂಡುಗಳು ತಾಯಿಯ ತದ್ರೂಪಿಗಳಲ್ಲ ಎಂಬುದನ್ನು ಮರೆಯಬಾರದು.

ನಮ್ಮ ಹೂಕುಂಡಗಳಡಿ, ಗೊಬ್ಬರದ ಗುಂಡಿಯಲ್ಲಿ ಸಿಗುವ, ಎರೆಹುಳುವಿನಂತೆ ಕಾಣುವ ಕುರುಡು ಹಾವು ಇನ್ನೂ ಅಚ್ಚರಿಯದ್ದು. ಈ ಪ್ರಭೇದದಲ್ಲಿ ಹೆಣ್ಣುಗಳಷ್ಟೇ ಇವೆ, ಅವುಗಳಲ್ಲಿ ವರ್ಣತಂತುಗಳ ಮೂರು ಗುಂಪುಗಳಿವೆ. ಒಂದೇ ಹಾವು ಹೊಸ ವಂಶ ಆರಂಭಿಸಬಲ್ಲದಾದ್ದರಿಂದ ಕುಂಡಗಳ ಮಣ್ಣಿನೊಡನೆ ಅದು ಜಗತ್ತಿನ ಅನೇಕ ದೇಶಗಳನ್ನು ಸೇರಿದೆ. ಅದಕ್ಕೆ ವಿಷವಿಲ್ಲ, ಇರುವೆ ಮತ್ತು ಗೆದ್ದಲುಗಳ ಮೊಟ್ಟೆ, ಮರಿಗಳನ್ನು ತಿನ್ನುತ್ತದೆ, ಕಂಡಾಗ ಕೊಲ್ಲುವ ಕಾರಣವೇ ಇಲ್ಲ. ಸಾಮಾನ್ಯವಾಗಿ ಲೈಂಗಿಕವಾಗಿಯೇ ವೃದ್ಧಿಸುವ ಕೊಮೊಡೊ ಉಡ ಕೂಡ ಗಂಡು ಇಲ್ಲದಾಗ ಮೊಟ್ಟೆಯಿಟ್ಟು ಮರಿ ಮಾಡಬಲ್ಲದು ಎಂಬುದು 2006ರಲ್ಲಿ ಇಂಗ್ಲೆಂಡಿನ ಮೃಗಾಲಯಗಳಲ್ಲಿ ದೃಢಪಟ್ಟಿತು.

ಮನುಷ್ಯರಲ್ಲಿ ಇದು ಸಾಧ್ಯವೇ? ಡಾಲಿ ಕುರಿ ಇದಕ್ಕೆ ಸೇರುತ್ತದೆಯೇ?

ಸಸ್ತನಿಗಳಲ್ಲಿ ಸ್ವಾಭಾವಿಕ ಅನಿಷೇಕಜನನ ಇಲ್ಲ. ನಮ್ಮ ಕೆಲವು ವಂಶವಾಹಿಗಳಲ್ಲಿ ತಂದೆಯಿಂದ ಬಂದ ಪ್ರತಿ ಮಾತ್ರ, ಇನ್ನು ಕೆಲವುಗಳಲ್ಲಿ ತಾಯಿಯಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತದೆ. ಎರಡೂ ಪ್ರತಿ ತಾಯಿಯವೇ ಆದರೆ ಭ್ರೂಣದ ಬೆಳವಣಿಗೆ ನಿಂತುಹೋಗುತ್ತದೆ. ಆದರೂ ಒಂದು ಅರ್ಥದಲ್ಲಿ ಅಲೈಂಗಿಕ ಹೆಜ್ಜೆ ನಮ್ಮಲ್ಲೂ ಇದೆ: ಲೈಂಗಿಕವಾಗಿ ಉಂಟಾದ ಒಂದು ಭ್ರೂಣ ಆರಂಭದಲ್ಲೇ ಎರಡಾಗಿ ಒಡೆದರೆ ತದ್ರೂಪಿ ಅವಳಿಗಳು ಹುಟ್ಟುತ್ತಾರೆ.

ಡಾಲಿ 1996ರ ಜುಲೈ 5ರಂದು ಸ್ಕಾಟ್ಲೆಂಡಿನಲ್ಲಿ ಹುಟ್ಟಿತು. ವಯಸ್ಕ ಕುರಿಯ ಕೆಚ್ಚಲಿನ ಕೋಶದ ಕೇಂದ್ರವನ್ನು, ಕೇಂದ್ರ ತೆಗೆದ ಅಂಡದೊಳಗೆ ಇರಿಸಿ ಮಾಡಿದ 277 ಪ್ರಯತ್ನಗಳಲ್ಲಿ ಯಶಸ್ವಿಯಾದದ್ದು ಅದೊಂದೇ. ಹರಿಯಾಣದ ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ 2009ರಲ್ಲಿ ತದ್ರೂಪಿ ಎಮ್ಮೆಕರುಗಳನ್ನು ಪಡೆಯಿತು. ಲಿಂಗಾಣುಗಳು ಕೂಡದ ಕಾರಣ ಇವು ಅಲೈಂಗಿಕವೇ, ಆದರೆ ಪ್ರಯೋಗಾಲಯವಿಲ್ಲದೆ ಆಗುವಂಥವಲ್ಲ.

ಅಲೈಂಗಿಕ ವಿಧಾನ ಅಷ್ಟು ಸುಲಭವಾಗಿದ್ದರೆ ಲೈಂಗಿಕ ವಿಧಾನ ಏಕೆ ಉಳಿದುಕೊಂಡಿದೆ?

ಇದು ಜೀವವಿಕಾಸದ ಅತ್ಯಂತ ಚರ್ಚಿತ ಪ್ರಶ್ನೆಗಳಲ್ಲಿ ಒಂದು. ಹೆಣ್ಣುಗಳನ್ನಷ್ಟೇ ಹೆರುವ ಜೀವಿಗೆ ಗಂಡುಗಳನ್ನು ಸಾಕುವ ವೆಚ್ಚವಿಲ್ಲ, ಆದ್ದರಿಂದ ಅದು ಎರಡು ಪಟ್ಟು ವೇಗದಲ್ಲಿ ಹೆಚ್ಚಬಲ್ಲದು ಎಂದು ಜಾನ್ ಮೇನಾರ್ಡ್ ಸ್ಮಿತ್ ಲೆಕ್ಕ ಹಾಕಿ ತೋರಿಸಿದರು. ಇಷ್ಟು ನಷ್ಟವನ್ನು ತುಂಬುವ ಲಾಭ ಲೈಂಗಿಕ ವಿಧಾನದಲ್ಲಿ ಇರಲೇಬೇಕು. ಹರ್ಮನ್ ಮುಲ್ಲರ್ 1964ರಲ್ಲಿ ಕೊಟ್ಟ ವಿವರಣೆಯಂತೆ, ತದ್ರೂಪಿಗಳ ವಂಶದಲ್ಲಿ ಹಾನಿಕರ ಉತ್ಪರಿವರ್ತನೆಗಳು ತಲೆಮಾರಿನಿಂದ ತಲೆಮಾರಿಗೆ ಸೇರುತ್ತಲೇ ಹೋಗುತ್ತವೆ. ವಂಶವಾಹಿಗಳ ಬೆರಕೆ ಮಾತ್ರ ಅವುಗಳನ್ನು ತೊಳೆದುಹಾಕಬಲ್ಲದು. ಇನ್ನೊಂದು ವಿವರಣೆ ಪರಾವಲಂಬಿಗಳದು. ನ್ಯೂಜಿಲೆಂಡಿನ ಒಂದು ಸಿಹಿನೀರಿನ ಬಸವನಹುಳುವಿನಲ್ಲಿ ಎರಡೂ ಬಗೆಯವಿದ್ದು, ಪರಾವಲಂಬಿಗಳ ಕಾಟ ಹೆಚ್ಚಿರುವ ಕಡೆ ಲೈಂಗಿಕ ಬಗೆಯವು ಹೆಚ್ಚು ಎಂದು ಕರ್ಟಿಸ್ ಲೈವ್ಲಿ ಗುರುತಿಸಿದರು. ಬಾಳೆತೋಟದ ಅನುಭವ ಹೇಳುವುದೂ ಇದನ್ನೇ.

ಇದರಿಂದ ಅಲೈಂಗಿಕ ವಿಧಾನ ಹಿಂದುಳಿದದ್ದು ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಡೆಲಾಯ್ಡ್ ರೋಟಿಫರ್ ಎಂಬ ಸೂಕ್ಷ್ಮ ನೀರುಜೀವಿಗಳಲ್ಲಿ ಇದುವರೆಗೆ ಗಂಡು ಕಂಡುಬಂದಿಲ್ಲ, ಆದರೂ ಅವು ಕೋಟ್ಯಂತರ ವರ್ಷಗಳಿಂದ ಬಾಳಿವೆ. ಸೈಬೀರಿಯಾದ ಹೆಪ್ಪುನೆಲದಲ್ಲಿ ಸುಮಾರು 24,000 ವರ್ಷ ಮರಗಟ್ಟಿದ್ದ ಒಂದು ರೋಟಿಫರ್ ಮತ್ತೆ ಜೀವಂತವಾಗಿ ಮರಿ ಮಾಡಿತೆಂದು 2021ರಲ್ಲಿ ವರದಿಯಾಯಿತು. ಪರಿಸರ ಸ್ಥಿರವಾಗಿದ್ದು ಆಹಾರ ಹೇರಳವಾಗಿದ್ದರೆ ಗೆದ್ದ ದೇಹವನ್ನೇ ನಕಲು ಮಾಡುವುದು ಲಾಭಕರ, ಶತ್ರುಗಳೂ ಹವೆಯೂ ಬದಲಾಗುತ್ತಿದ್ದರೆ ಬೆರಕೆ ಲಾಭಕರ. ಹೈಡ್ರಾ, ಸಸ್ಯಹೇನು, ಪ್ಲಾಸ್ಮೋಡಿಯಂಗಳು ಎರಡನ್ನೂ ಕೈಯಲ್ಲಿಟ್ಟುಕೊಂಡಿರುವುದು ಇದೇ ಕಾರಣಕ್ಕೆ.

ಶಾಲೆಯಲ್ಲಿ ಅಥವಾ ಮನೆಯಲ್ಲಿ ಇದನ್ನು ನೋಡುವುದು ಹೇಗೆ?

100 ಮಿಲಿಲೀಟರ್ ಬೆಚ್ಚಗಿನ ನೀರಿನಲ್ಲಿ 10 ಗ್ರಾಂ ಸಕ್ಕರೆ ಕರಗಿಸಿ, ಚಿಟಿಕೆ ಯೀಸ್ಟ್ ಹಾಕಿ, ಒಂದೆರಡು ಗಂಟೆ ಬೆಚ್ಚಗಿಟ್ಟು, ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊಗ್ಗಿರುವ ಕೋಶಗಳು ಕಾಣುತ್ತವೆ. ಸೂಕ್ಷ್ಮದರ್ಶಕ ಇಲ್ಲದಿದ್ದರೆ ಆಲೂಗಡ್ಡೆಯ ಕಣ್ಣಿರುವ ಮತ್ತು ಕಣ್ಣಿಲ್ಲದ ತುಂಡುಗಳನ್ನು ಒದ್ದೆ ಹತ್ತಿಯ ಮೇಲೆ ಪಕ್ಕಪಕ್ಕದಲ್ಲಿಟ್ಟು ದಿನವೂ ಗಮನಿಸಬಹುದು. ಹತ್ತಿ ತೇವವಾಗಿರಬೇಕು, ನೀರು ನಿಲ್ಲಬಾರದು. ಕಾಡುಬಸಳೆಯ ಎಲೆಯನ್ನು ತೇವದ ಮಣ್ಣಿನ ಮೇಲೆ ಮಲಗಿಸಿಟ್ಟರೂ ಸಾಕು. ಬ್ರೆಡ್ಡಿನ ಬೂಷ್ಟನ್ನು ನೋಡುವುದಾದರೆ ಮುಚ್ಚಿದ ಪಾರದರ್ಶಕ ಡಬ್ಬಿಯಲ್ಲೇ ನೋಡಬೇಕು, ಏಕೆಂದರೆ ಅದರ ಬೀಜಕಗಳು ಉಸಿರಿನೊಡನೆ ಒಳಹೋಗಿ ಅಲರ್ಜಿ ಅಥವಾ ಉಬ್ಬಸ ಇರುವ ಮಕ್ಕಳಿಗೆ ತೊಂದರೆ ಕೊಡುತ್ತವೆ. ನೋಡಿಯಾದ ಮೇಲೆ ಡಬ್ಬಿಯನ್ನು ತೆರೆಯದೆಯೇ ಕಟ್ಟಿ ಎಸೆಯುವುದು ಸುರಕ್ಷಿತ.